ಎತ್ತುವುದು ಸುಲಭ, ಇಳಿಸುವುದು ಕಷ್ಟ

2024ರ ಆಗಸ್ಟ್ ತಿಂಗಳಲ್ಲಿ ನೆಲಮಂಗಲದ ಬಳಿ, ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ಕೆಲವರು ಸ್ಕೂಟರ್‌ಗಳಲ್ಲಿ ವೀಲಿಂಗ್ ಮಾಡುತ್ತಿದ್ದರು. ರೋಸಿಹೋದ ಜನ ಎರಡು ಸ್ಕೂಟರ್‌ಗಳನ್ನು ಎತ್ತಿ ಸೇತುವೆಯ ಮೇಲಿನಿಂದ ಕೆಳಕ್ಕೆ ಎಸೆದರು. ಆ ದೃಶ್ಯವನ್ನು ನೀವೂ ನೋಡಿರಬಹುದು. ಜನರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಸ್ಕೂಟರ್ ಹಾಳಾದರೆ ಇನ್ನೊಂದನ್ನು ಕೊಳ್ಳಬಹುದು. ಅದರ ಮೇಲೆ ಕುಳಿತವರ ಬೆನ್ನುಹುರಿ ತುಂಡಾದರೆ ಇನ್ನೊಂದು ಎಲ್ಲಿಯೂ ಸಿಗುವುದಿಲ್ಲ.

ಮುಂದಿನ ಚಕ್ರವನ್ನು ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ದೂರ ಮೇಲೆಯೇ ಹಿಡಿದು ನಿಲ್ಲಿಸಬೇಕೆಂಬ ಆಸೆ ನಿಮಗಿದ್ದರೆ ಈ ಬರಹ ನಿಮಗಾಗಿ. ಬೈಗುಳವನ್ನು ನೀವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ಆ ಹೊತ್ತಿನಲ್ಲಿ ನಿಮ್ಮ ದೇಹದೊಳಗೆ ಏನು ನಡೆಯುತ್ತದೆ, ಬಿದ್ದರೆ ಯಾವ ಭಾಗಕ್ಕೆ ಏನಾಗುತ್ತದೆ ಎಂಬುದನ್ನು ಇಲ್ಲಿ ತಿಳಿಯೋಣ.

ಸಮತೋಲ ಎಲ್ಲಿದೆ?

ವಾಹನ ಹಿಂದಿನ ಚಕ್ರದ ಮೇಲೆ ಏಳುತ್ತಾ ಹೋದಂತೆ ಒಂದು ಹಂತದಲ್ಲಿ ವಾಹನದ ಮತ್ತು ಸವಾರನ ಒಟ್ಟು ಭಾರ ಹಿಂದಿನ ಚಕ್ರ ನೆಲ ಮುಟ್ಟುವ ಜಾಗದ ನೇರ ಮೇಲೆ ಬರುತ್ತದೆ. ಅದೇ ಸಮತೋಲದ ಬಿಂದು. ಅದಕ್ಕಿಂತ ಕೆಳಗಿದ್ದರೆ ಚಕ್ರ ತಾನಾಗಿ ನೆಲಕ್ಕೆ ಬರುತ್ತದೆ. ದಾಟಿದರೆ ಸವಾರ ಬೆನ್ನ ಮೇಲೆ ಬೀಳುತ್ತಾನೆ. ಹೊಸಬರು ಈ ಬಿಂದುವಿಗಿಂತ ಕೆಳಗೇ ಇದ್ದು, ಆಕ್ಸಿಲರೇಟರ್ ತಿರುಗಿಸುತ್ತಾ ವೇಗ ಹೆಚ್ಚಿಸಿಕೊಂಡು ಚಕ್ರವನ್ನು ಮೇಲಿಡಲು ನೋಡುತ್ತಾರೆ. ವೇಗ ಏರುತ್ತದೆ, ಆದರೆ ಚಕ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನುರಿತವರು ಕಡಿಮೆ ವೇಗದಲ್ಲಿ ಆ ಬಿಂದುವಿನ ಆಸುಪಾಸಿನಲ್ಲೇ ಇರುತ್ತಾರೆ. ಚಕ್ರ ಹೆಚ್ಚು ಏಳುತ್ತಿದೆ ಎನಿಸಿದರೆ ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತುತ್ತಾರೆ, ಇಳಿಯುತ್ತಿದ್ದರೆ ತುಸು ಆಕ್ಸಿಲರೇಟರ್ ಕೊಡುತ್ತಾರೆ. ಬೈಕಿನಲ್ಲಿ ಈ ಕೆಲಸ ಬಲಗಾಲಿನದು, ಗೇರಿಲ್ಲದ ಸ್ಕೂಟರ್‌ನಲ್ಲಿ ಎಡಗೈಯದು. 1991ರಲ್ಲಿ ಜಪಾನಿನ ಯಸುಯುಕಿ ಕುಡೊ ಒಂದೇ ಚಕ್ರದ ಮೇಲೆ ಸತತವಾಗಿ 331 ಕಿಲೋಮೀಟರ್ ಸವಾರಿ ಮಾಡಿ ದಾಖಲೆ ಬರೆದರು. ಅವರು ಬಳಸಿದ್ದು ಭಾರಿ ಎಂಜಿನ್ನಿನ ಬೈಕನ್ನಲ್ಲ, 216 ಸಿಸಿಯ ಹಗುರ ಹೋಂಡಾ ಬೈಕನ್ನು. ಸವಾರಿ ನಡೆದದ್ದು ಬೇರೆ ವಾಹನಗಳಿಲ್ಲದ ಪರೀಕ್ಷಾ ಪಥದಲ್ಲಿ. ಹೆಚ್ಚು ಹೊತ್ತು ನಿಲ್ಲಿಸಲು ಬೇಕಾದದ್ದು ಎಂಜಿನ್ನಿನ ಶಕ್ತಿಯಲ್ಲ, ಇಳಿಸಲು ಕಲಿತ ಕಾಲು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಳಕಿವಿ ಮತ್ತು ಕಿರುಮೆದುಳು

ದೇಹ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕೊಡುವುದು ಕಣ್ಣು, ಕೀಲು-ಸ್ನಾಯುಗಳಲ್ಲಿರುವ ನರಗಳು ಮತ್ತು ಒಳಕಿವಿಯಲ್ಲಿರುವ ಸಮತೋಲದ ಅಂಗಗಳು. ಈ ಸುದ್ದಿಗಳನ್ನು ಒಟ್ಟುಗೂಡಿಸಿ ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ತಿದ್ದುವ ಕೆಲಸ ಕಿರುಮೆದುಳಿನದು. ನೀವು ಸೈಕಲ್ ಕಲಿತದ್ದು ಹೀಗೆಯೇ. ಪ್ರತಿ ತಪ್ಪಿನಿಂದಲೂ ಕಿರುಮೆದುಳು ಪಾಠ ಕಲಿಯುತ್ತದೆ. ಎಂದರೆ, ತಪ್ಪು ಮಾಡದೆ ಈ ವಿದ್ಯೆ ಬರುವುದಿಲ್ಲ. ಸೈಕಲ್ ಕಲಿಯುವಾಗ ಆ ತಪ್ಪಿಗೆ ಮಂಡಿ ತರಚಿತು. ನೂರಕ್ಕೂ ಹೆಚ್ಚು ಕಿಲೋ ತೂಗುವ ವಾಹನದ ಮೇಲೆ ಅದೇ ತಪ್ಪಿಗೆ ತೆರಬೇಕಾದ ಬೆಲೆ ಬೇರೆ.

ಇನ್ನೊಂದು ತೊಡಕೂ ಇದೆ. ಹಿಂದಕ್ಕೆ ಬೀಳುತ್ತಿದ್ದೇವೆ ಎನಿಸಿದ ಕೂಡಲೇ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಜೋತುಬೀಳುವುದು ದೇಹದ ಸಹಜ ಗುಣ. ಹ್ಯಾಂಡಲ್ ಹಿಡಿದು ಹಿಂದಕ್ಕೆ ಜೋತುಬಿದ್ದಾಗ ಬಲಗೈಯ ಮಣಿಕಟ್ಟು ತಿರುಗಿ ಆಕ್ಸಿಲರೇಟರ್ ಇನ್ನಷ್ಟು ತೆರೆದುಕೊಳ್ಳುತ್ತದೆ, ಚಕ್ರ ಇನ್ನಷ್ಟು ಮೇಲೇಳುತ್ತದೆ. ನಿಮ್ಮನ್ನು ಉಳಿಸಲು ದೇಹ ಮಾಡುವ ಪ್ರಯತ್ನವೇ ನಿಮ್ಮನ್ನು ಕೆಡವುತ್ತದೆ. ದಣಿದಾಗ, ನಿದ್ದೆಗೆಟ್ಟಾಗ, ಮದ್ಯ ಸೇವಿಸಿದಾಗ ಇದು ಇನ್ನೂ ಬೇಗ ನಡೆಯುತ್ತದೆ. ಮದ್ಯ ಮೊದಲು ಮಂಕಾಗಿಸುವ ಭಾಗಗಳಲ್ಲಿ ಕಿರುಮೆದುಳೂ ಒಂದು.

ಬಿದ್ದಾಗ ಏನಾಗುತ್ತದೆ?

ಬಾಲಮೂಳೆ ಮತ್ತು ಬೆನ್ನುಮೂಳೆ: ಹಿಂದಕ್ಕೆ ಬಿದ್ದವರ ಕುಂಡೆ ಮೊದಲು ನೆಲಕ್ಕೆ ಬಡಿಯುತ್ತದೆ. ಬಾಲಮೂಳೆಗೆ ಪೆಟ್ಟಾದರೆ ವಾರಗಟ್ಟಲೆ ಕೂರಲಾಗದ ನೋವು. ಇದು ಅದೃಷ್ಟವಂತರ ಪಾಡು. ಪೆಟ್ಟಿನ ರಭಸ ಮೇಲಕ್ಕೆ ಸಾಗಿದರೆ ಎದೆಭಾಗದ ಕೊನೆಯ ಮಣಿ ಅಥವಾ ಸೊಂಟದ ಮೊದಲ ಮಣಿ ಜಜ್ಜಿಹೋಗಬಹುದು. ಬೆನ್ನುಹುರಿ ಕೊನೆಗೊಳ್ಳುವುದು ಇದರ ಆಸುಪಾಸಿನಲ್ಲೇ. ಅಲ್ಲಿ ಹುರಿಗೆ ತೀವ್ರ ಪೆಟ್ಟಾದರೆ ಕಾಲುಗಳ ಶಕ್ತಿ, ಮಲಮೂತ್ರಗಳ ಮೇಲಿನ ಹಿಡಿತ, ಲೈಂಗಿಕ ಶಕ್ತಿ ಮೂರೂ ಹೋಗಬಹುದು. ಮೂಳೆ ಕೂಡಿಕೊಳ್ಳುತ್ತದೆ, ತುಂಡಾದ ಬೆನ್ನುಹುರಿ ಕೂಡಿಕೊಳ್ಳುವುದಿಲ್ಲ.

ಮಣಿಕಟ್ಟು: ಬೀಳುವಾಗ ಕೈ ಊರಿದರೆ ಹೆಬ್ಬೆರಳಿನ ಬುಡದ ಬಳಿಯ ಸ್ಕೆಫಾಯ್ಡ್ ಎಂಬ ಚಿಕ್ಕ ಮೂಳೆ ಬಿರುಕು ಬಿಡಬಹುದು. ಮೊದಲ ದಿನದ ಎಕ್ಸ್-ರೇಯಲ್ಲಿ ಈ ಬಿರುಕು ಅನೇಕ ಬಾರಿ ಕಾಣಿಸುವುದೇ ಇಲ್ಲ. ಉಳುಕೆಂದು ಸುಮ್ಮನಾದರೆ ರಕ್ತದ ಪೂರೈಕೆ ಕಡಿಮೆಯಿರುವ ಆ ಮೂಳೆ ಕೂಡದೆ, ಮಣಿಕಟ್ಟಿನ ನೋವು ಶಾಶ್ವತವಾಗಬಹುದು. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಕಾಣುವ ಗುಳಿಯನ್ನು ಒತ್ತಿದರೆ ನೋಯುತ್ತಿದ್ದರೆ, ವೈದ್ಯರು ಹೇಳಿದಂತೆ ಕೈಯನ್ನು ಕಟ್ಟಿಸಿಕೊಂಡು 10ರಿಂದ 14 ದಿನಗಳಲ್ಲಿ ಮತ್ತೆ ಎಕ್ಸ್-ರೇ ಮಾಡಿಸಿ.

ಕೈಯ ನರಗಳು: ಭುಜ ನೆಲಕ್ಕೆ ಬಡಿದು ಕೆಳಕ್ಕೂ, ತಲೆ ಅದರ ವಿರುದ್ಧ ದಿಕ್ಕಿಗೂ ಎಳೆದುಕೊಂಡಾಗ ಕುತ್ತಿಗೆಯಿಂದ ಕೈಗೆ ಬರುವ ನರಗಳ ಜಾಲ ಹರಿಯಬಹುದು. ದ್ವಿಚಕ್ರ ಸವಾರರಲ್ಲಿ ಹೆಚ್ಚಾಗಿ ಕಾಣುವ ಗಾಯವಿದು. ಒಂದು ಮೂಳೆಯೂ ಮುರಿದಿರುವುದಿಲ್ಲ, ಆದರೂ ಕೈ ಮೇಲೇಳುವುದಿಲ್ಲ. ಮನೆಯವರು ಎಣ್ಣೆ ಹಚ್ಚಿ, ಇಂದಲ್ಲ ನಾಳೆ ಸರಿಹೋದೀತೆಂದು ಕಾಯುತ್ತಾರೆ. ಇಲ್ಲಿ ಕಾಯುವುದೇ ದೊಡ್ಡ ತಪ್ಪು. ನರ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಅದು ಸ್ನಾಯುವನ್ನು ತಲುಪುವುದು ತಡವಾದಷ್ಟೂ ಸ್ನಾಯು ಸೊರಗಿ, ಮತ್ತೆ ಚೇತರಿಸದಂತಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳೊಳಗೆ ಆಗಬೇಕು. ಆದ್ದರಿಂದ ಕೈ ಸೋತಿದ್ದರೆ ಆ ವಾರದಲ್ಲೇ ತಜ್ಞರನ್ನು ಕಾಣಿ.

ತಲೆ: ಬಿದ್ದವರು ಎದ್ದು ನಿಂತು ಮಾತನಾಡಿದರೆಂದು ನಿಶ್ಚಿಂತರಾಗಬೇಡಿ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ತುಂಬಿಕೊಂಡು, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪಬಹುದು. ಮರುಕಳಿಸುವ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು: ಇವುಗಳಲ್ಲಿ ಒಂದಿದ್ದರೂ ಕೂಡಲೇ ಆಸ್ಪತ್ರೆಗೆ ಹೊರಡಿ.

ರಸ್ತೆ ಏಕೆ ಬೇಡ?

ಮುಂದಿನ ಚಕ್ರ ಮೇಲಿರುವಷ್ಟು ಹೊತ್ತು ಹ್ಯಾಂಡಲ್ ತಿರುಗಿಸಿದರೂ ವಾಹನ ತಿರುಗುವುದಿಲ್ಲ. ವಾಹನವನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದೂ ಕೆಲಸಕ್ಕೆ ಬಾರದು. ಎದುರಿನ ರಸ್ತೆಯನ್ನು ವಾಹನವೇ ಮರೆಮಾಡುತ್ತದೆ. ರಾತ್ರಿಯಾದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನೀವು ಒಂದು ಸೆಕೆಂಡಿಗೆ 11 ಮೀಟರ್ ಸಾಗಿರುತ್ತೀರಿ. ಅಷ್ಟರಲ್ಲಿ ಅಡ್ಡ ಬಂದ ಮಗುವಾಗಲಿ, ನಾಯಿಯಾಗಲಿ, ಹಾಲು ತರಲು ಹೊರಟ ಅಜ್ಜಿಯಾಗಲಿ ನಿಮ್ಮ ಆಟಕ್ಕೆ ಒಪ್ಪಿಗೆ ಕೊಟ್ಟವರಲ್ಲ.

ಕಾನೂನೂ ಸುಮ್ಮನಿಲ್ಲ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಮೊದಲ ಬಾರಿಗೇ ಒಂದು ವರ್ಷದವರೆಗೆ ಜೈಲು ಇಲ್ಲವೇ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. 2019ರ ತಿದ್ದುಪಡಿಯ ನಂತರ, 18 ತುಂಬದ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆ ಮಕ್ಕಳಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ.

ಕಲಿಯಲೇಬೇಕೆಂದರೆ

ವೈದ್ಯಕೀಯ ದೃಷ್ಟಿಯಿಂದ ಅತಿ ಉತ್ತಮ ಸಲಹೆ, ಬೇಡ ಎಂಬುದೇ. ಆದರೆ ಇದನ್ನು ಕ್ರೀಡೆಯಾಗಿ, ವೃತ್ತಿಯಾಗಿ ಅಭ್ಯಾಸ ಮಾಡುವವರೂ ಇದ್ದಾರೆ. ಅವರು ಪಾಲಿಸುವ ನಿಯಮಗಳನ್ನು ಗಮನಿಸಿ.

1. ಮಾಲೀಕರ ಅನುಮತಿಯಿರುವ, ಬೇರೆ ವಾಹನವಾಗಲಿ ಜನರಾಗಲಿ ಬಾರದ ಮುಚ್ಚಿದ ಜಾಗ. ಜೊತೆಗೆ ಕಲಿತವರೊಬ್ಬರ ಮೇಲ್ವಿಚಾರಣೆ. ಒಂಟಿಯಾಗಿ ಎಂದೂ ಬೇಡ. ಹಿಂದೆ ಗೆಳೆಯರನ್ನು ಕೂರಿಸಿಕೊಂಡು ಖಂಡಿತ ಬೇಡ.

2. ಮೊದಲ ಪಾಠ ಇಳಿಸುವುದು. ಚಕ್ರ ಒಂದು ಗೇಣು ಏಳುತ್ತಿದ್ದಂತೆಯೇ ಹಿಂದಿನ ಬ್ರೇಕಿನಿಂದ ಇಳಿಸುವುದು ಯೋಚಿಸದೆಯೇ ಆಗುವಷ್ಟು ರೂಢಿಯಾಗುವವರೆಗೆ ಎತ್ತರದ ಮಾತು ಬೇಡ.

3. ಗದ್ದದವರೆಗೆ ಮುಚ್ಚುವ, ಐಎಸ್ಐ ಗುರುತಿನ ಹೆಲ್ಮೆಟ್. ಪಟ್ಟಿ ಬಿಗಿದಿರಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸವಾರರ ಸಾವನ್ನು ಶೇ. 42ರಷ್ಟು, ತಲೆಗಾಯವನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆ. ಟೋಪಿಯಂಥ ಅರ್ಧ ಹೆಲ್ಮೆಟ್‌ನಿಂದ ಈ ಲಾಭ ನಿರೀಕ್ಷಿಸಬೇಡಿ.

4. ಬೆನ್ನಿನ ಕವಚ, ಮಂಡಿ-ಮೊಣಕೈಗೆ ರಕ್ಷಣೆ, ಕೈಗವಸು, ಹಿಮ್ಮಡಿಯ ಮೇಲಿನ ಗಂಟು ಮುಚ್ಚುವ ಬೂಟು. ಚಪ್ಪಲಿ ಹಾಕಿದ ಕಾಲು ಬ್ರೇಕಿನಿಂದ ಜಾರುತ್ತದೆ.

5. ಮುಂಗೈ ಬಿಗಿದು ಬೆರಳು ಸೋತ ಕೂಡಲೇ ನಿಲ್ಲಿಸಿ, ನೀರು ಕುಡಿದು ವಿರಮಿಸಿ. ತಲೆಗೆ ಪೆಟ್ಟಾಗಿದ್ದರೆ ಅಂದು ಮತ್ತೆ ವಾಹನ ಹತ್ತಬೇಡಿ. ವೈದ್ಯರು ಹೇಳುವವರೆಗೆ ಮುಂದೆಯೂ ಬೇಡ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಹೆಚ್ಚು ಅಪಾಯಕಾರಿ.

ಬಿದ್ದವರನ್ನು ಕಂಡರೆ

ನಮ್ಮಲ್ಲಿ ಇಬ್ಬರು ಕೈ ಹಿಡಿದು, ಇಬ್ಬರು ಕಾಲು ಹಿಡಿದು ಗಾಯಾಳುವನ್ನು ಆಟೋಗೆ ತುಂಬುವ ರೂಢಿಯಿದೆ. ಮುರಿದ ಬೆನ್ನುಮೂಳೆಯ ಚೂರು ಬೆನ್ನುಹುರಿಯನ್ನು ಕತ್ತರಿಸಲು ಅಷ್ಟು ಸಾಕು. ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಿದ್ದರೆ ಅವರನ್ನು ಕದಲಿಸಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ಒಬ್ಬರು ತಲೆಯ ಎರಡೂ ಬದಿಗೆ ಕೈಯಿಟ್ಟು ಕುತ್ತಿಗೆ ಅಲುಗದಂತೆ ಹಿಡಿದಿರಲಿ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಎಳೆಯಬೇಡಿ, ಮುಖದ ಗಾಜನ್ನು ಮಾತ್ರ ಎತ್ತಿ. ವಾಂತಿಯಾದರೆ ತಲೆ, ಕುತ್ತಿಗೆ, ಮೈ ಮೂರನ್ನೂ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲಬೇಡಿ. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಮನ್ನಣೆ ನೀಡಿತು. 2019ರ ತಿದ್ದುಪಡಿಯಲ್ಲಿ ಅದು ಕಾಯ್ದೆಗೇ ಸೇರಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ.

ತಂದೆ-ತಾಯಿಗಳಿಗೊಂದು ಮಾತು

ಅಪಾಯವನ್ನು ಅಳೆದು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಗೆಳೆಯರು ನೋಡುತ್ತಿರುವಾಗ, ಮೊಬೈಲ್ ಕ್ಯಾಮೆರಾ ಓಡುತ್ತಿರುವಾಗ ಹದಿಹರೆಯದವರ ಎಚ್ಚರ ಇನ್ನೂ ಸಡಿಲವಾಗುತ್ತದೆ. ಕೂಗಾಡಿದರೆ ಆಟ ನಿಲ್ಲುವುದಿಲ್ಲ, ಬೇರೆ ಬೀದಿಗೆ ಹೋಗುತ್ತದೆ ಅಷ್ಟೆ. ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿ. ಪರವಾನಗಿಯಿಲ್ಲದವರ ಕೈಗೆ ಕೀ ಕೊಡಬೇಡಿ.

ಮುಂದಿನ ಸಲ ಮುಂದಿನ ಚಕ್ರ ಎತ್ತುವ ಆಸೆಯಾದಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇಲ್ಲಿ, ಈ ಕ್ಷಣ, ಯಾರಿಗೂ ಪೆಟ್ಟಾಗದಂತೆ ಇಳಿಸಬಲ್ಲೆನೆ? ನಡುರಸ್ತೆಯಲ್ಲಿ ಇದಕ್ಕೆ ಹೌದೆನ್ನುವುದು ಯಾರಿಂದಲೂ ಸಾಧ್ಯವಿಲ್ಲ. ಅಲ್ಲಿ ಎರಡೂ ಚಕ್ರ ನೆಲದ ಮೇಲಿರಲಿ.