ಪುದೀನಕ್ಕೆ ನೀರೊಂದಿದ್ದರೆ ಸಾಕೇ?

ಪುದೀನಕ್ಕೆ ನೀರು ಎಷ್ಟು ಹಾಕಿದರೂ ಸಾಲದು ಎಂಬ ಮಾತು ಅರ್ಧ ಮಾತ್ರ ನಿಜ. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಕುಂಡದ ತೂತು ಮುಚ್ಚಿಕೊಂಡರೆ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಹಳದಿ ಕಂಡೊಡನೆ ಬಾಯಾರಿಕೆಯೆಂದು ಇನ್ನೊಂದು ಚೊಂಬು ಸುರಿಯುತ್ತೇವೆ. ಗಿಡ ಸಾಯುವುದು ಹೀಗೆ. ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ.

ನೆರಳಲ್ಲೂ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ಆದರೆ ಸೊರಗಿದ ಉದ್ದ ಕಾಂಡ, ವಿರಳ ಎಲೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ನೆರಳಿಗೆ ಸರಿಸಿ.

ಬೀಜದ ಪೊಟ್ಟಣಕ್ಕೆ ದುಡ್ಡು ಹಾಕುವುದು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪುದೀನದ ಜಾತಿಗಳು ತಮ್ಮತಮ್ಮಲ್ಲೇ ಸುಲಭವಾಗಿ ಬೆರೆಯುತ್ತವೆ; ಬೀಜದ ಗಿಡಕ್ಕೆ ತಾಯಿಗಿಡದ ಪರಿಮಳವೇ ಬರುತ್ತದೆಂಬ ಖಾತ್ರಿಯಿಲ್ಲ. ಚಟ್ನಿಗೆಂದು ತಂದ ಕಟ್ಟಿನಲ್ಲೇ ನಾಲ್ಕು ಗಟ್ಟಿ ಕಡ್ಡಿ ಆರಿಸಿ. ಗಿಣ್ಣಿನ ಕೆಳಗೆ ಕತ್ತರಿಸಿ, ತಳದ ಎಲೆ ಬಿಡಿಸಿ, ಲೋಟದ ನೀರಿನಲ್ಲಿ ನಿಲ್ಲಿಸಿ, ನೀರು ಬದಲಿಸುತ್ತಿರಿ. ವಾರ, ಹತ್ತು ದಿನದಲ್ಲಿ ಗಿಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ. ಕೆಲವು ಕಡ್ಡಿಗಳಲ್ಲಿ ಬೇರಿನ ಮೊಳಕೆ ತರುವಾಗಲೇ ಇರುತ್ತದೆ, ಕಣ್ಣಿಟ್ಟು ನೋಡಬೇಕಷ್ಟೆ.

ಕುಂಡ ಆಳವಾಗಿರಬೇಕೆಂಬುದೂ ತಪ್ಪು. ಪುದೀನ ಕೆಳಗಿಳಿಯುವುದಕ್ಕಿಂತ ಅಡ್ಡಡ್ಡ ಹಬ್ಬುವುದೇ ಹೆಚ್ಚು. ಅಗಲದ ಕುಂಡವೇ ಸರಿ. ವರ್ಷ ಕಳೆದಾಗ ಹಬ್ಬುಕಾಂಡಗಳೆಲ್ಲ ಅಂಚು ಸೇರಿ ಸುತ್ತು ಹಾಕಿರುತ್ತವೆ, ನಡುಭಾಗ ಬೋಳು. ಇದು ರೋಗವಲ್ಲ. ಬೇರು ಸಮೇತ ಕಿತ್ತು, ಅಂಚಿನ ಎಳೆಯ ತುಂಡುಗಳನ್ನು ಎರೆಗೊಬ್ಬರ ಬೆರೆಸಿದ ಹೊಸ ಮಣ್ಣಿನಲ್ಲಿ ನೆಡಿ. ನೆಲದಲ್ಲಿ ನೆಟ್ಟರೆ ಪಕ್ಕದ ಕೊತ್ತಂಬರಿ ಮಡಿಗೂ ನುಗ್ಗುತ್ತದೆ, ಎಚ್ಚರ.

ಕಿತ್ತರೆ ಗಿಡ ಸೊರಗುತ್ತದೆಂದು ಒಂದೊಂದೇ ಎಲೆ ಚಿವುಟುವವರು ಗಿಡಕ್ಕೆ ಉಪಕಾರ ಮಾಡುತ್ತಿಲ್ಲ. ತುದಿಯನ್ನು ಗಿಣ್ಣಿನ ಮೇಲೆ ಕತ್ತರಿಸಿ; ಅಲ್ಲಿಂದ ಎರಡು ಕವಲು ಒಡೆಯುತ್ತವೆ. ಹೂ ಬಂದ ಗಿಡದ ಎಲೆ ವಿಷವೇನಲ್ಲ, ರುಚಿ ತುಸು ಒರಟಾಗುತ್ತದೆ, ಅಷ್ಟೆ. ಎಲೆಯಡಿಯಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಮಾತ್ರ ತುಕ್ಕುರೋಗ. ಆ ಕಾಂಡಗಳನ್ನು ಬುಡಕ್ಕೇ ಕತ್ತರಿಸಿ ದೂರ ಎಸೆಯಿರಿ, ಕಾಂಪೋಸ್ಟಿಗೆ ಬೇಡ.

ಕಿಟಕಿಯಲ್ಲಿ ಪುದೀನ ಇಟ್ಟರೆ ಸೊಳ್ಳೆ ಬಾರದೆಂಬ ನಂಬಿಕೆ ಈಚೆಗೆ ಜೋರಾಗಿದೆ. ಪರಿಮಳದ ಎಣ್ಣೆ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿದೆ. ಉಜ್ಜಿದಾಗಲೇ ಹೆಚ್ಚಾಗಿ ಹೊರಬರುವುದು. ಸುಮ್ಮನೆ ನಿಂತ ಗಿಡಕ್ಕೆ ಸೊಳ್ಳೆ ಹೆದರುವುದಿಲ್ಲ. ಬದಲಿಗೆ ಕುಂಡದಡಿಯ ನೀರು ನಿಂತ ತಟ್ಟೆಯಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ಆ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು ಒಣಗಿಸಿ.