ಲೆಕ್ಕ ಕಲಿಯಲು ಬಂದವಳಿಗೆ ಸಂಬಳ ಬೇಡವೇ?

ತಿಪಟೂರಿನ ನಮ್ಮಂಥ ಕೊಬ್ಬರಿ ಮಂಡಿಯ ಮನೆಯವರಿಗೆ ಚೀಲ, ತೂಕ, ಪಟ್ಟಿ ಎಂದರೆ ಅನ್ನ-ಸಾರಿನಷ್ಟೇ ಪರಿಚಯ. ಕಳೆದ ವರ್ಷ ತುರುವೇಕೆರೆ ಕಡೆಯ ಬಿ.ಕಾಂ. ಹುಡುಗಿಯೊಬ್ಬಳು ಎರಡು ತಿಂಗಳು ಲೆಕ್ಕದ ಕೆಲಸ ಕಲಿಯಲು ನಮ್ಮ ಮಂಡಿಗೆ ಬಂದಳು.

“ಕಲಿಯೋಕೆ ಬಂದವಳಿಗೆ ದುಡ್ಡು ಯಾಕೆ?” ಅಂದರು ನಮ್ಮ ಯಜಮಾನರು.

“2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯ್ತು, ಊಟಾನೂ ಪುಕ್ಕಟೇನಾ?” ಅಂದೆ.

ಮೊದಲ ವಾರ ಅವಳಿಗೆ ಸಿಕ್ಕಿದ್ದು ಹಳೇ ಕಾಗದ ಜೋಡಿಸುವ ಕೆಲಸ. ಎರಡನೇ ವಾರ ತೂಕದ ಚೀಟಿಗೂ ರೈತರ ಪಟ್ಟಿಗೂ ತಾಳೆ ನೋಡಲು ಕೂರಿಸಿದರು. ಚಿಕ್ಕನಾಯಕನಹಳ್ಳಿಯ ರೈತರೊಬ್ಬರ ಪಟ್ಟಿಯಲ್ಲಿ ಒಂದು ಚೀಲವೇ ಬಿಟ್ಟುಹೋಗಿತ್ತು! ತಪ್ಪು ನಮ್ಮದೇ. ಯಜಮಾನರು ಅವತ್ತೇ ಆ ಹಣ ಮುಟ್ಟಿಸಿದರು. ಹುಡುಗಿಗೂ ತಿಂಗಳಿಗಿಷ್ಟು ಎಂದು ಗೊತ್ತುಮಾಡಿದರು.

ಇದು ದಾನವಲ್ಲ, ಸೋದರಿಯರೇ. ಅಪ್ರೆಂಟಿಸ್ ಆಗಿ ಸೇರಿಸಿಕೊಂಡವರಿಗೆ ಸ್ಟೈಪೆಂಡ್ ಕೊಡಬೇಕೆಂದು 1961ರ ಕಾಯಿದೆಯೇ ಹೇಳುತ್ತದೆ. ಸಿ.ಎ. ಓದುವವರು ಆಡಿಟರ ಕಛೇರಿಯಲ್ಲಿ ಮಾಡುವ ಆರ್ಟಿಕಲ್‌ಶಿಪ್‌ಗೂ ಸ್ಟೈಪೆಂಡ್ ಕಡ್ಡಾಯ. ಮೊದಲು 3 ವರ್ಷವಿದ್ದ ಆ ತರಬೇತಿ 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕಿಳಿದಿದೆ.

ನಿಮ್ಮ ಮಗಳನ್ನು ಕಳಿಸುವ ಮುನ್ನ ನಾಲ್ಕು ಮಾತು ಕೇಳಿಕೊಳ್ಳಿ: ಕೆಲಸ ಏನು, ಎಷ್ಟು ಹೊತ್ತು, ಹಣ ಎಷ್ಟು, ಕೊನೆಗೆ ಸರ್ಟಿಫಿಕೇಟು ಉಂಟೇ? ನಿಮ್ಮ ಅಂಗಡಿಗೇ ಯಾರಾದರೂ ಬಂದರೆ ಕಾಫಿ ತರಲು ಓಡಿಸಬೇಡಿ, ಲೆಕ್ಕದ ಪುಸ್ತಕ ಕೈಗೆ ಕೊಡಿ. ಮನೆಯ ಯಜಮಾನರಿಗೆ ಈ ಮಾತು ಹೇಳಬೇಕಾದವರು ನಾವೇ ಅಲ್ಲವೇ?