ವಿಶ್ವವಿದ್ಯಾನಿಲಯದ ಅಧ್ಯಾಪಕರೂ ರಾಜಕೀಯ ಪಕ್ಷಪಾತವೂ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ, ಅಣ್ಣಿಗೇರಿಗಿಂತ ಈಚೆಗೆ, ಶಿರಗುಪ್ಪಿಯೆಂಬ ಊರುಂಟು. ಎರೆಯ ಭೂಮಿ, ಮಳೆಯನ್ನು ನಂಬಿದ ಒಕ್ಕಲುತನ, ಮಳೆಗಾಲದಲ್ಲಿ ಉಕ್ಕಿ ಹೊಲಗಳಿಗೆ ನುಗ್ಗುವ ಬೆಣ್ಣೆಹಳ್ಳ, ಇವು ಆ ಸೀಮೆಯ ಲಕ್ಷಣಗಳು. ಇಂಥ ಊರಿನ ಒಕ್ಕಲ ಮನೆಯಿಂದ ಹುಬ್ಬಳ್ಳಿ ಧಾರವಾಡಗಳ ವಿದ್ಯಾಲಯಗಳಿಗೆ ಬರುವ ಹುಡುಗನಿಗಾಗಲಿ ಹುಡುಗಿಗಾಗಲಿ, ಪುಸ್ತಕಲೋಕದ ಬಾಗಿಲನ್ನು ತೆರೆದು ತೋರಿಸತಕ್ಕವನು ಅನೇಕ ವೇಳೆ ಅಧ್ಯಾಪಕನೊಬ್ಬನೇ. ಅವನು ಹೇಳಿದುದನ್ನು ಮನೆಯಲ್ಲಿ ಇನ್ನೊಬ್ಬರೊಡನೆ ಒರೆದು ನೋಡುವ ಅನುಕೂಲವು ಅವರಿಗಿಲ್ಲ. ಆದುದರಿಂದ ವಿಶ್ವವಿದ್ಯಾನಿಲಯದ ಅಧ್ಯಾಪಕರಲ್ಲಿ ರಾಜಕೀಯ ಪಕ್ಷಪಾತವುಂಟೆ, ಉಂಟಾದರೆ ಅದು ದೋಷವೆ ಎಂಬ ಚರ್ಚೆಯು ವಿದ್ವಾಂಸರ ವಿನೋದಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಇಂಥ ವಿದ್ಯಾರ್ಥಿಯ ಬುದ್ಧಿಸ್ವಾತಂತ್ರ್ಯಕ್ಕೆ ಸಂಬಂಧಪಟ್ಟುದು.

ಚರ್ಚೆಯಲ್ಲಿ ತೊಡಕುಂಟಾಗುವುದು ಮೊದಲು ಶಬ್ದದಿಂದಲೇ. ಪಕ್ಷವೆಂದರೆ ರೆಕ್ಕೆ, ಪಾರ್ಶ್ವ, ವಾದದಲ್ಲಿ ಒಬ್ಬನು ಹಿಡಿದ ನಿಲುವು. ಪಕ್ಷಪಾತವೆಂದರೆ ಒಂದು ಮಗ್ಗುಲಿಗೆ ಬೀಳುವುದು. ಪಕ್ಷವಿರುವುದು ಬೇರೆ, ಪಾತವಾಗುವುದು ಬೇರೆ. ಈ ಭೇದವನ್ನು ಮರೆತು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುವ ವಾಡಿಕೆ ಬಂದಿದೆ. ಅಧ್ಯಾಪಕನಿಗೆ ರಾಜಕೀಯದಲ್ಲಿ ಒಂದು ಅಭಿಪ್ರಾಯವಿರುವುದು ಮೊದಲನೆಯದು. ಆ ಅಭಿಪ್ರಾಯವನ್ನು ತರಗತಿಯಲ್ಲಿ ಶಾಸ್ತ್ರಸಿದ್ಧಾಂತವೆಂಬಂತೆ ಉಪದೇಶಿಸುವುದು ಎರಡನೆಯದು. ಅಭಿಪ್ರಾಯದ ಕಾರಣದಿಂದ ಅಂಕಗಳಲ್ಲಿ, ನೇಮಕದಲ್ಲಿ, ಸಂಶೋಧನೆಯ ಮಾರ್ಗದರ್ಶನದಲ್ಲಿ, ಪಠ್ಯಗಳ ಆಯ್ಕೆಯಲ್ಲಿ ಒಬ್ಬರಿಗೆ ಅನ್ಯಾಯವನ್ನೂ ಇನ್ನೊಬ್ಬರಿಗೆ ಅನುಗ್ರಹವನ್ನೂ ಮಾಡುವುದು ಮೂರನೆಯದು. ಮೊದಲನೆಯದು ಪೌರನ ಹಕ್ಕು. ಎರಡನೆಯದು ವೃತ್ತಿಧರ್ಮದ ಲೋಪ. ಮೂರನೆಯದು ಸ್ಪಷ್ಟವಾದ ಅಪರಾಧ. ಮೊದಲನೆಯದನ್ನು ಕಂಡು ಮೂರನೆಯದನ್ನು ಆರೋಪಿಸುವುದೂ, ಮೂರನೆಯದನ್ನು ಮಾಡಿ ಮೊದಲನೆಯದರ ಮರೆಯಲ್ಲಿ ಅಡಗುವುದೂ ಸಮಾನವಾಗಿ ತಪ್ಪು.

ಧಾರವಾಡದ ವಿದ್ಯಾಚರಿತ್ರೆಯು ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆಗಳನ್ನು ಒದಗಿಸುತ್ತದೆ. 1907ರಲ್ಲಿ ಭಾರತ ಸರಕಾರದ ಗೃಹ ಕಾರ್ಯದರ್ಶಿ ರಿಸ್ಲಿಯ ಹೆಸರಿನಿಂದ ಪ್ರಸಿದ್ಧವಾದ ಸುತ್ತೋಲೆಯು ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ರಾಜಕೀಯ ಚಳವಳಿಯಿಂದ ದೂರವಿಡಲು ಹೊರಟಿತು. ಅದಾದ ಹತ್ತು ವರ್ಷಗಳಿಗೆ, 1917ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಯಿತು. ಆ ಕಾಲದಲ್ಲಿ ನಿಷ್ಪಕ್ಷಪಾತವೆಂದರೆ ಆಳರಸರ ಪಕ್ಷದಲ್ಲಿ ಮೌನವಾಗಿರುವುದೆಂದೇ ಅರ್ಥವಾಗಿತ್ತು. ಧಾರವಾಡದಲ್ಲಿ ಶಿಕ್ಷಕರಾಗಿದ್ದ ದ. ರಾ. ಬೇಂದ್ರೆಯವರು ‘ನರಬಲಿ’ ಎಂಬ ಕವಿತೆಯ ಕಾರಣದಿಂದ ಸೆರೆವಾಸವನ್ನೂ ಅನಂತರ ಮುಗದದಲ್ಲಿ ನಿರ್ಬಂಧವನ್ನೂ ಅನುಭವಿಸಬೇಕಾಯಿತು. ಸರಕಾರದ ದೃಷ್ಟಿಯಲ್ಲಿ ಅದು ರಾಜದ್ರೋಹ. ನಾಡಿನ ದೃಷ್ಟಿಯಲ್ಲಿ ಅದು ಕವಿಯ ಸತ್ಯ. ಅಧಿಕಾರವು ಯಾರ ಕೈಯಲ್ಲಿರುವುದೋ ಅವರಿಗೆ ತಮ್ಮ ಪಕ್ಷವು ಪಕ್ಷವೆಂದು ತೋರುವುದಿಲ್ಲ, ಎದುರಿನವರದು ಮಾತ್ರ ತೋರುತ್ತದೆ ಎಂಬ ಪಾಠವು ಇದರಿಂದ ದೊರೆಯುತ್ತದೆ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಶಾಸನದಿಂದ ಹುಟ್ಟಿತು. ಮೊದಲು ಮುಂಬಯಿಯಲ್ಲಿದ್ದು ಮರುವರ್ಷ ಧಾರವಾಡಕ್ಕೆ ಬಂದಿತು. ಅದೇ ಕಾಲದಲ್ಲಿ ಜಾರಿಗೆ ಬಂದ ಸಂವಿಧಾನವು ಅಧ್ಯಾಪಕನನ್ನು ರಾಜಕೀಯದಿಂದ ಬಹಿಷ್ಕರಿಸಲಿಲ್ಲ. ಅದಕ್ಕೆ ವಿರುದ್ಧವಾಗಿ ಅವನನ್ನು ಅದರೊಳಕ್ಕೆ ಕರೆಯಿತು. 171ನೆಯ ಅನುಚ್ಛೇದದ ಪ್ರಕಾರ ವಿಧಾನ ಪರಿಷತ್ತಿನ ಹನ್ನೆರಡರಲ್ಲೊಂದು ಪಾಲಿನಷ್ಟು ಸದಸ್ಯರನ್ನು ಪ್ರೌಢಶಾಲೆಗೆ ಕಡಿಮೆಯಲ್ಲದ ಸಂಸ್ಥೆಗಳ ಶಿಕ್ಷಕರೇ ಆರಿಸತಕ್ಕದ್ದು. ಕರ್ನಾಟಕದ 75 ಸ್ಥಾನಗಳ ಪರಿಷತ್ತಿನಲ್ಲಿ 7 ಸ್ಥಾನಗಳು ಶಿಕ್ಷಕರ ಕ್ಷೇತ್ರಗಳವು. ಪಕ್ಷಗಳು ಅಭ್ಯರ್ಥಿಗಳನ್ನು ನಿಲ್ಲಿಸುತ್ತವೆ, ಅಧ್ಯಾಪಕರು ಅಧ್ಯಾಪಕರಾಗಿಯೇ ಮತ ಹಾಕುತ್ತಾರೆ. 1966ರಲ್ಲಿ ವರದಿಯನ್ನೊಪ್ಪಿಸಿದ ಕೊಠಾರಿ ಆಯೋಗವೂ ಶಿಕ್ಷಕರಿಗೆ ಎಲ್ಲ ಪೌರಹಕ್ಕುಗಳೂ ಇರಬೇಕೆಂದು ಹೇಳಿ, ಚುನಾವಣೆಗೆ ನಿಂತಾಗ ರಜೆ ಪಡೆಯುವುದು ಯುಕ್ತವೆಂಬ ಮರ್ಯಾದೆಯನ್ನು ಮಾತ್ರ ಸೂಚಿಸಿತು. ಹೀಗಿರಲು ಅಧ್ಯಾಪಕನಿಗೆ ರಾಜಕೀಯವೇ ಇರಬಾರದೆಂಬ ಮಾತು ನಮ್ಮ ವ್ಯವಸ್ಥೆಯ ಮೂಲಕ್ಕೇ ಹೊಂದದು.

ಕನ್ನಡ ಸಾಹಿತ್ಯದ ಅಧ್ಯಾಪಕರು ಇದಕ್ಕೆ ಬಹು ದೂರದ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. ಇಂಗ್ಲಿಷ್ ಅಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಂದ್ರಶೇಖರ ಪಾಟೀಲರು, 1964ರಲ್ಲಿ ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿಯವರೊಡನೆ ‘ಸಂಕ್ರಮಣ’ವನ್ನು ಆರಂಭಿಸಿದವರು, ಸಮಾಜವಾದದ ಕಡೆಯವರಾಗಿ ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆರೆಮನೆಯನ್ನು ಕಂಡರು, ಮುಂದೆ ಗೋಕಾಕ್ ಚಳವಳಿಯಲ್ಲಿಯೂ ಇದ್ದರು. ಇಬ್ಬರ ಮಾರ್ಗಗಳೂ ಪರಸ್ಪರ ವಿರುದ್ಧವಾದುವು. ಇಬ್ಬರೂ ತಮ್ಮ ಪಕ್ಷವನ್ನು ಮುಚ್ಚಿಡಲಿಲ್ಲ. ಪ್ರಕಟವಾದ ಪಕ್ಷವು ವಿದ್ಯಾರ್ಥಿಗೆ ಒಂದು ವಿಧದಲ್ಲಿ ಕ್ಷೇಮಕರವೇ. ಅಧ್ಯಾಪಕನ ನಿಲುವು ತಿಳಿದಾಗ ಅದನ್ನು ಕಳೆದು ಉಳಿದುದನ್ನು ಸ್ವೀಕರಿಸುವ ಲೆಕ್ಕವನ್ನು ಅವನು ಕಲಿಯಬಲ್ಲನು. ತಟಸ್ಥತೆಯ ವೇಷವನ್ನು ತೊಟ್ಟ ಗುಪ್ತಪಕ್ಷಕ್ಕೆ ಈ ಲೆಕ್ಕವು ನಡೆಯದು.

ಈ ವಿವಾದವು ಹೊರದೇಶಗಳಲ್ಲಿಯೂ ಹಳೆಯದು. 1900ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರಜ್ಞನನ್ನು ಅವನ ಅಭಿಪ್ರಾಯಗಳಿಗಾಗಿ ಹೊರಹಾಕಿತು. 1915ರಲ್ಲಿ ಅಲ್ಲಿಯ ಪ್ರಾಧ್ಯಾಪಕರ ಸಂಘವು ಅಧ್ಯಯನ ಸ್ವಾತಂತ್ರ್ಯದ ತತ್ತ್ವಗಳನ್ನು ಘೋಷಿಸಿತು. ಅಧ್ಯಾಪಕನು ತನ್ನ ಅಭಿಪ್ರಾಯವನ್ನು ಮರೆಮಾಡಬೇಕಾಗಿಲ್ಲ, ಆದರೆ ಇತರರ ಭಿನ್ನಾಭಿಪ್ರಾಯಗಳನ್ನು ನ್ಯಾಯವಾಗಿ ನಿರೂಪಿಸಬೇಕು ಎಂಬುದು ಅದರ ತಾತ್ಪರ್ಯ. ಜರ್ಮನಿಯ ಮ್ಯಾಕ್ಸ್ ವೇಬರನು 1917ರಲ್ಲಿ ಮ್ಯೂನಿಕ್ ನಗರದ ಉಪನ್ಯಾಸದಲ್ಲಿ ಇನ್ನೂ ಕಟ್ಟುನಿಟ್ಟಾದ ಮಾತನ್ನಾಡಿದನು. ಸಭೆಯಲ್ಲಿ ಮಾತನಾಡುವವನಿಗೆ ಎದುರುತ್ತರ ಕೊಡುವವರಿರುತ್ತಾರೆ. ತರಗತಿಯಲ್ಲಿ ವಿದ್ಯಾರ್ಥಿಯು ಸುಮ್ಮನೆ ಕೇಳಬೇಕಾಗಿರುತ್ತದೆ. ಪ್ರತಿವಾದಿಯಿಲ್ಲದ ಸ್ಥಳದಲ್ಲಿ ವಾದಿಯಾಗುವುದು ಅಧರ್ಮವೆಂಬುದು ಅವನ ಅಭಿಪ್ರಾಯ. ಪ್ರತಿಯೊಂದು ಪಕ್ಷಕ್ಕೂ ಅನಾನುಕೂಲವಾದ ಸಂಗತಿಗಳಿರುತ್ತವೆ. ವಿದ್ಯಾರ್ಥಿಯು ತನ್ನ ಪಕ್ಷಕ್ಕೆ ಅನಾನುಕೂಲವಾದುವನ್ನು ಗುರುತಿಸುವಂತೆ ಮಾಡುವುದೇ ಅಧ್ಯಾಪಕನ ಮೊದಲ ಕೆಲಸವೆಂದು ಅವನು ತಿಳಿದಿದ್ದನು.

ಅಮೆರಿಕೆಯಲ್ಲಿ ಈ ವಿಷಯಕ್ಕೆ ಅಂಕಿಗಳನ್ನೂ ಕೂಡಿಸಿದ್ದಾರೆ. ನೀಲ್ ಗ್ರಾಸ್ ಮತ್ತು ಸೊಲೊನ್ ಸಿಮನ್ಸ್ ಎಂಬವರು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಲ್ಲಿಯ ಅಧ್ಯಾಪಕರಲ್ಲಿ ನೂರಕ್ಕೆ ಸುಮಾರು 44 ಮಂದಿ ಉದಾರವಾದಿಗಳು, 46 ಮಂದಿ ಮಧ್ಯಮರು, 9 ಮಂದಿ ಮಾತ್ರ ಸಂಪ್ರದಾಯವಾದಿಗಳು. ಈ ಅಂತರಕ್ಕೆ ನೇಮಕದಲ್ಲಿಯ ಅನ್ಯಾಯವೇ ಕಾರಣವೆಂದು ಕೆಲವರು ವಾದಿಸುತ್ತಾರೆ. ಒಂದೊಂದು ಉದ್ಯೋಗಕ್ಕೆ ಒಂದೊಂದು ಮನೋಧರ್ಮದವರ ವೃತ್ತಿಯೆಂಬ ಹೆಸರು ಬಂದು, ಅಂಥವರೇ ಅದಕ್ಕೆ ತಾವಾಗಿ ಒಲಿದು ಬರುವುದೇ ಮುಖ್ಯ ಕಾರಣವೆಂದು ಗ್ರಾಸ್ ವಾದಿಸಿದ್ದಾನೆ. ಈ ಅಂಕಿಗಳನ್ನು ನಮ್ಮ ನಾಡಿಗೆ ಹಾಗೆಯೇ ತಂದಿಡುವುದು ಸಲ್ಲದು. ನಮ್ಮಲ್ಲಿ ಪಕ್ಷವೆಂಬುದು ಬಲ ಎಡಗಳೆಂಬ ಎರಡು ಗೆರೆಗಳಲ್ಲಿ ಮುಗಿಯುವುದಿಲ್ಲ. ಜಾತಿ, ಮಠ, ಪ್ರಾಂತ, ಭಾಷೆ, ಗುರುಪರಂಪರೆ ಇವೆಲ್ಲವೂ ಅದರಲ್ಲಿ ಹೆಣೆದುಕೊಂಡಿರುತ್ತವೆ. ಅಲ್ಲದೆ ನಮ್ಮ ವಿಶ್ವವಿದ್ಯಾನಿಲಯಗಳ ರಚನೆಯಲ್ಲಿಯೇ ಸರಕಾರದ ಕೈಯುಂಟು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮದಂತೆ ಶೋಧನ ಸಮಿತಿಯು ಕೊಟ್ಟ ಹೆಸರುಗಳಿಂದ ಕುಲಪತಿಗಳಾದ ರಾಜ್ಯಪಾಲರು ರಾಜ್ಯ ಸರಕಾರದ ಸಹಮತಿಯೊಡನೆ ಉಪಕುಲಪತಿಗಳನ್ನು ನೇಮಿಸುವರು; ಸಿಂಡಿಕೇಟಿನಲ್ಲಿಯೂ ನಾಮಕರಣಗೊಂಡ ಸದಸ್ಯರಿರುವರು. ಅಧ್ಯಾಪಕರ ಪಕ್ಷಪಾತವನ್ನು ಕುರಿತು ಮಾತನಾಡಿ, ನಾಮಕರಣ ಮಾಡುವವರ ಪಕ್ಷಪಾತವನ್ನು ಕುರಿತು ಮಾತನಾಡದಿರುವುದು ಅರ್ಧ ಪರೀಕ್ಷೆ.

ಆರೋಪವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಧಾರವಾಡವೇ ದುಃಖಕರವಾದ ಸಾಕ್ಷಿ. ಕರ್ನಾಟಕ ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರೂ ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದ ಎಂ. ಎಂ. ಕಲಬುರ್ಗಿಯವರು ಶಾಸನ ಮತ್ತು ವಚನಗಳ ಸಂಶೋಧನೆಯಲ್ಲಿ ಜೀವಮಾನವನ್ನು ಕಳೆದವರು. ಶರಣರ ಚರಿತ್ರೆಯನ್ನು ಕುರಿತು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬರೆದ ಕೆಲವು ವಿಚಾರಗಳಿಗಾಗಿ ವಿರೋಧವೆದ್ದು, 1989ರಲ್ಲಿ ಅವರು ಅವನ್ನು ಹಿಂದೆಗೆದುಕೊಳ್ಳಬೇಕಾಯಿತು, ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಅವರೇ ಹೇಳಿಕೊಂಡರು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ನೆಯ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಂಶೋಧಕನ ನಿರ್ಣಯವು ತಪ್ಪಾಗಿರಬಹುದು. ಹಾಗಾದರೆ ಆಧಾರದಿಂದ ಅದನ್ನು ಖಂಡಿಸುವ ಮಾರ್ಗವುಂಟು. ಶಾಸನಕ್ಕೆ ಪ್ರತಿಯಾಗಿ ಶಾಸನವನ್ನು, ಪಾಠಕ್ಕೆ ಪ್ರತಿಯಾಗಿ ಪಾಠವನ್ನು ಇಡಬಹುದು. ‘ಆಧಾರವೇನು’ ಎಂದು ಕೇಳುವ ಕಡೆ ‘ಯಾರ ಪಕ್ಷ’ ಎಂದು ಕೇಳುವ ಅಭ್ಯಾಸ ಬೆಳೆದಲ್ಲಿ ವಿದ್ಯೆಗೆ ಉಳಿಗಾಲವಿಲ್ಲ.

ಹಾಗಾದರೆ ತರಗತಿಯಲ್ಲಿ ನ್ಯಾಯವಾದ ನಡತೆಯನ್ನು ಅಳೆಯುವ ಕೋಲು ಯಾವುದು? ಅದು ನಮ್ಮ ನ್ಯಾಯಶಾಸ್ತ್ರದಲ್ಲಿಯೇ ದೊರೆಯುತ್ತದೆ. ಅಲ್ಲಿ ಕಥೆಯನ್ನು, ಎಂದರೆ ಚರ್ಚೆಯನ್ನು, ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿದ್ದಾರೆ. ಸತ್ಯನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೂ ಸ್ಥಾಪಿಸದೆ ಎದುರಿನವನನ್ನು ಕೆಡಹುವುದು ಮಾತ್ರವೇ ಗುರಿಯಾದುದು ವಿತಂಡಾ. ಚುನಾವಣೆಯ ವೇದಿಕೆಯಲ್ಲಿ ಜಲ್ಪವು ಸಹಜ. ತರಗತಿಯಲ್ಲಿ ಸಲ್ಲತಕ್ಕದ್ದು ವಾದವೊಂದೇ. ಅಲ್ಲದೆ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಶಿಸ್ತು.

ಈ ಕೋಲನ್ನು ಸಮೀಪದ ಒಂದು ಸಂಗತಿಗೆ ಹಚ್ಚಿ ನೋಡಬಹುದು. ಮಲಪ್ರಭಾ ಯೋಜನೆಯ ಪ್ರದೇಶದಲ್ಲಿ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರೆದ್ದುದು, 1980ನೆಯ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿದುದು ಶಿರಗುಪ್ಪಿಯ ನೆರೆಯ ಚರಿತ್ರೆ. ಇದನ್ನು ಕಲಿಸುವ ಅಧ್ಯಾಪಕನ ಮುಂದೆ ರೈತರ ಮೊಮ್ಮಕ್ಕಳೂ ಪೊಲೀಸರ ಮಕ್ಕಳೂ ಕುಳಿತಿರಬಹುದು. ನೀರು ಹೊಲಕ್ಕೆ ತಲುಪದಿದ್ದರೂ ಕರವನ್ನು ಕೇಳಿದುದರ ಅನ್ಯಾಯವನ್ನು ಅವನು ಹೇಳಬೇಕು. ಸತ್ತವರಲ್ಲಿ ಪೊಲೀಸರೂ ಇದ್ದರೆಂಬುದನ್ನು ಬಿಡಬಾರದು. ಯೋಜನೆಗಳ ವೆಚ್ಚವನ್ನು ಭರಿಸುವವರು ಯಾರೆಂಬ ಸರಕಾರದ ಪ್ರಶ್ನೆಯನ್ನೂ ಇಡಬೇಕು. ಇವುಗಳಲ್ಲಿ ಯಾವುದಕ್ಕೆ ತೂಕ ಹೆಚ್ಚೆಂಬ ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳಿದರೆ ದೋಷವಿಲ್ಲ. ತೂಗುವ ಮೊದಲೇ ಒಂದು ತಟ್ಟೆಯನ್ನು ಬರಿದುಮಾಡಿದರೆ ಅದು ಪಾತ. ಎರಡೂ ಕಡೆಗೆ ಸಮಾನವಾಗಿ ತಲೆದೂಗಿ ಯಾವ ನಿರ್ಣಯಕ್ಕೂ ಬಾರದಿರುವುದು ಕೂಡ ನಿಷ್ಪಕ್ಷಪಾತವಲ್ಲ. ಆಧಾರವು ಒಂದು ಕಡೆಗೆ ಸ್ಪಷ್ಟವಾಗಿರುವಲ್ಲಿ ಸುಮ್ಮನಿರುವುದು ಹೆದರಿಕೆಯ ಇನ್ನೊಂದು ಹೆಸರು.

ಇದಕ್ಕೆ ಆದರ್ಶವು ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ದೊರೆಯುತ್ತದೆ. ಅಣ್ಣಿಗೇರಿಯು ಪಂಪನ ತಾಯಿಯ ತವರಿನ ಊರು. ಪಂಪನಷ್ಟು ಪ್ರಕಟವಾದ ಪಕ್ಷವುಳ್ಳ ಕವಿಯು ಕನ್ನಡದಲ್ಲಿ ವಿರಳ. ಅವನು ಅರಿಕೇಸರಿಯ ಆಶ್ರಿತ. ತನ್ನ ಒಡೆಯನನ್ನೇ ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಆದರೂ ಆ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ನಿಲ್ಲುವವನು ಎದುರು ಪಕ್ಷದ ಕರ್ಣ. ಕವಿಯು ಪಕ್ಷವನ್ನು ಬಿಡಲಿಲ್ಲ, ಪಾತಕ್ಕೂ ಒಳಗಾಗಲಿಲ್ಲ. ಆಸ್ಥಾನದ ಋಣದಲ್ಲಿದ್ದ ಕವಿಗೆ ಇದು ಸಾಧ್ಯವಾಯಿತೆಂದಮೇಲೆ, ಸಂವಿಧಾನದ ಆಶ್ರಯದಲ್ಲಿರುವ ಅಧ್ಯಾಪಕನಿಗೆ ಅಸಾಧ್ಯವೆನ್ನಲಾಗದು.

ಆದುದರಿಂದ ಅಧ್ಯಾಪಕನನ್ನು ಪರೀಕ್ಷಿಸತಕ್ಕ ಪ್ರಶ್ನೆಗಳು ಮೂರು. ತನಗೆ ಒಪ್ಪಿಗೆಯಿಲ್ಲದ ಮತವನ್ನು, ಆ ಮತದವರು ಕೇಳಿ ‘ಇದು ನಮ್ಮ ಮಾತೇ’ ಎನ್ನುವಂತೆ ಅವನು ಹೇಳಬಲ್ಲನೆ? ತನಗೆ ವಿರೋಧವಾಗಿ ಆದರೆ ಆಧಾರಸಹಿತವಾಗಿ ಬರೆದ ಉತ್ತರಕ್ಕೆ ಅವನು ಪೂರ್ಣ ಅಂಕಗಳನ್ನು ಕೊಡಬಲ್ಲನೆ? ತನ್ನ ಪಕ್ಷಕ್ಕೆ ಅನಾನುಕೂಲವಾದ ಸಂಗತಿಯನ್ನು ತಾನೇ ಮೊದಲು ತಂದಿಡಬಲ್ಲನೆ? ಇವಕ್ಕೆ ಹೌದೆಂಬ ಉತ್ತರ ಬಂದಲ್ಲಿ ಅವನು ಯಾರಿಗೆ ಮತ ಹಾಕುವನೆಂಬುದು ಬೇರೆಯವರಿಗೆ ಬೇಡವಾದ ವಿಚಾರ. ಇಲ್ಲವೆಂಬ ಉತ್ತರ ಬಂದಲ್ಲಿ ಅವನ ಪಕ್ಷವು ಯಾವುದಾದರೂ ಅದರ ನಷ್ಟವನ್ನು ತೆರುವವಳು, ಬೆಳಗಿನ ಬಸ್ಸಿನಲ್ಲಿ ಶಿರಗುಪ್ಪಿಯಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿನಿ. ಅವಳು ಸಂಜೆ ಊರಿಗೆ ಹಿಂದಿರುಗುವಾಗ ಅಧ್ಯಾಪಕನ ತೀರ್ಮಾನವನ್ನಲ್ಲ, ತೀರ್ಮಾನಿಸುವ ಶಕ್ತಿಯನ್ನು ಕೊಂಡೊಯ್ದರೆ ವಿಶ್ವವಿದ್ಯಾನಿಲಯವು ತನ್ನ ಕೆಲಸವನ್ನು ಮಾಡಿದಂತಾಯಿತು.